ಓದಿಲ್ಲ ಎಂದು ಒಪ್ಪಿಕೊಂಡ ಸಂಜೆ

“ಕೊನೆಗೆ ಅವಳು ಮನೆಗೆ ವಾಪಸ್ ಬರ್ತಾಳಾ? ನೀನು ಓದಿದ್ದೀಯಲ್ಲ, ಹೇಳು ಮಾರಾಯ್ತಿ,” ಎಂದರು ಸುಮತಿಯಕ್ಕ. ಮುಂಬೈ ಪಕ್ಕದ ಠಾಣೆ ನಗರದ ಆಸ್ಪತ್ರೆಗೆ ಸೇರಿದ್ದ ಅವರಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಕೈಯಲ್ಲಿದ್ದ, ಮನೆ ಬಿಟ್ಟುಹೋದ ಹೆಂಗಸೊಬ್ಬಳ ಕಥೆಯ ಹೆಸರಾಂತ ಹಳೆಯ ಕಾದಂಬರಿಯಲ್ಲಿ ಇನ್ನೂ ಮೂವತ್ತು ಪುಟ ಉಳಿದಿತ್ತು.

ಅಲ್ಲಿನ ವರ್ತಕ ನಗರ ಬಡಾವಣೆಯಲ್ಲಿ ನಾನು ನೋಡಿಕೊಳ್ಳುವ ಕನ್ನಡ ಲೈಬ್ರರಿಯಿಂದ ಆ ಪುಸ್ತಕವನ್ನು ಹೊಗಳಿ ಹೊಗಳಿ ಅವರಿಗೆ ಕೊಟ್ಟವಳು ನಾನೇ. ಆದರೆ ನಾನದನ್ನು ಓದಿಯೇ ಇರಲಿಲ್ಲ. ‘ಬರ್ತಾಳೆ’ ಎಂದುಬಿಟ್ಟರೆ ಅವರು ನೆಮ್ಮದಿಯಿಂದ ಮಲಗುತ್ತಿದ್ದರು. ಆದರೆ ಆಪರೇಷನ್‌ನಲ್ಲಿ ಏನಾದರೂ ಆಗಿ, ಅವರಿಗೆ ನಾನಾಡಿದ ಕೊನೆಯ ಮಾತೇ ಸುಳ್ಳಾಗಿಬಿಟ್ಟರೆ ಎಂದು ಭಯವಾಯಿತು.

“ಅಕ್ಕ, ನಾನು ಓದಿಲ್ಲ. ಓದಿದ್ದೇನೆ ಅಂತ ಎಲ್ಲರಿಗೂ ಹೇಳ್ತಾ ಬಂದೆ.”

ಅವರು ಕನ್ನಡಕ ತೆಗೆದಿಟ್ಟು ಪುಸ್ತಕವನ್ನು ನನ್ನತ್ತ ತಳ್ಳಿದರು. “ಕೂತ್ಕೋ. ಗಟ್ಟಿಯಾಗಿ ಓದು. ನನಗೂ ಗೊತ್ತಾಗ್ಲಿ, ನಿನಗೂ.”

ಭೇಟಿಯ ಸಮಯ ಮುಗಿಯಿತೆಂದು ನರ್ಸ್ ಬರುವಷ್ಟರಲ್ಲಿ ಕೊನೆಯ ಸಾಲಿಗೆ ಬಂದಿದ್ದೆ. ಕಥೆಯ ಹೆಂಗಸು ಮನೆಗೆ ಬರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡರು. ಆಪರೇಷನ್ ಸುಸೂತ್ರವಾಗಿ ನಡೆಯಿತು.

ಈಗ ಲೈಬ್ರರಿಯಲ್ಲಿ ಯಾರಾದರೂ ದೊಡ್ಡ ಕಾದಂಬರಿಯೊಂದರ ಬಗ್ಗೆ ಕೇಳಿದಾಗ, ಓದಿರದಿದ್ದರೆ ‘ಓದಿಲ್ಲ’ ಎನ್ನುತ್ತೇನೆ. ಪ್ರತಿ ಸಲವೂ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.