ನೀಲವ್ವನ ಅಂಗೈ

ಸನ್ ೧೯೧೮. ನಿಜಾಮ ಸರ್ಕಾರದ ಬೀದರ ದವಾಖಾನೆಯಲ್ಲಿ ನಾನು ಸಹಾಯಕ ಡಾಕ್ಟರ್. ಮಳೆಗಾಲ ಮುಗಿಯುತ್ತಲೇ ಇನ್‌ಫ್ಲುಯೆಂಜಾ ಬಂತು. ಬಂತೆಂದರೆ ಹೇಗೆ? ಬೀದರದ ಪಕ್ಕದ ಚಿದ್ರಿಯ ಕೆಲವು ಮನೆಗಳಲ್ಲಿ ರೋಗಿಗೆ ನೀರು ಕೊಡುವವರೂ ಹಾಸಿಗೆ ಹಿಡಿದರು. ದೊಡ್ಡ ಡಾಕ್ಟರ್ ಸಾಹೇಬರು ಹುಕುಂ ಹೊರಡಿಸಿದರು: ಜ್ವರದವರ ಹೊರತು ಯಾರಿಗೂ ಒಳಗೆ ಜಾಗವಿಲ್ಲ. ಅವರದು ತಪ್ಪೆನ್ನಲಾರೆ, ಹಾಸಿಗೆಗಳೇ ಇರಲಿಲ್ಲ. ಆದರೆ ಜ್ವರ ಬಂತೆಂದು ಉಳಿದ ರೋಗಗಳು ರಜೆ ಹಾಕುತ್ತವೆಯೇ?

ನನಗೆ ಭಾಲ್ಕಿ ಕಡೆಯ ಭಾತಂಬ್ರಾದ ನೀಲವ್ವನ ಚಿಂತೆ. ಆಕೆಗೆ ಗ್ಲಾಕೋಮಾ, ನಮ್ಮ ಕಡೆಯವರ ಬಾಯಲ್ಲಿ ಕಾಲಾಮೋತಿಯಾ. ಕಣ್ಣೊಳಗಿನ ನೀರಿಗೆ ಹರಿಯಲು ದಾರಿ ಸಿಗದೆ ಒತ್ತಡ ಏರಿ, ನೋಟದ ನರವೇ ಸಾಯುವ ರೋಗ. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣನ್ನು ಪಾಪೆ ಕುಗ್ಗಿಸುವ ಎಸೆರಿನ್ ಹನಿ ಕಾಯುತ್ತಿತ್ತು. ಬಹಳ ದಿನ ಇಟ್ಟರೆ ಆ ಹನಿ ಕೆಂಪಾಗಿ ಕೆಡುತ್ತದೆ. ಹೊಸದು ಬೇಕೆಂದರೆ ಬೀದರಕ್ಕೇ ಬರಬೇಕು. ತನ್ನ ಕಣ್ಣನ್ನು ಆಕೆ ಪರೀಕ್ಷಿಸುತ್ತಿದ್ದದ್ದು ಪೂಜೆಯ ಹೊತ್ತಿಗೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸುವಾಗ ಸುತ್ತಲಿನ ಬೆರಳುಗಳು ಕಾಣುತ್ತವೆಯೇ ಎಂದು ನೋಡಿಕೊಳ್ಳುತ್ತಿದ್ದಳು. "ಐದೂ ಕಾಣ್ತಾವರಿ" ಅಂದರೆ ನನಗೂ ಸಮಾಧಾನ.

ಹನಿ ಬದಲಿಸುವ ಹೊತ್ತಾದರೂ ಆ ಸಲ ಆಕೆ ಬರಲಿಲ್ಲ. ಅಷ್ಟರಲ್ಲಿ ಜ್ವರದ ಔಷಧ ಹಂಚಲು ನನ್ನನ್ನು ಔರಾದಿಗೆ ಕಳಿಸಿದರು. ಕೆಲಸ ಮುಗಿಸಿ ನೇರ ಬೀದರಕ್ಕೆ ಬರಬೇಕೆಂಬ ಅಪ್ಪಣೆ. ನಾನು ಹೊರಡುವಾಗಲೇ ಪೆಟ್ಟಿಗೆಯಲ್ಲಿ ಹೊಸ ಎಸೆರಿನ್ ಇಟ್ಟುಕೊಂಡಿದ್ದೆ. ಮರಳುವಾಗ ಟಾಂಗಾವನ್ನು ಭಾಲ್ಕಿ ದಾರಿಗೆ ತಿರುಗಿಸಿದೆ.

ನೀಲವ್ವನ ಮನೆಯ ಬಾಗಿಲು ಕಿಟಕಿ ಎಲ್ಲ ಮುಚ್ಚಿದ್ದವು. ಒಳಗೆ ದತ್ತೂರಿ ಎಲೆಯ ಹೊಗೆ. ಎದೆ ಬಿಗಿದರೆ ಆ ಹೊಗೆ ಕೊಡುವುದು ಊರ ರೂಢಿ. ಮೈದುನ ಬಸಪ್ಪ ಬಾಗಿಲಲ್ಲೇ ತಡೆದ. ಅತ್ತಿಗೆಗೆ ತಲೆ ಸಿಡಿಯುತ್ತಿದೆ, ವಾಂತಿ ನಿಲ್ಲುತ್ತಿಲ್ಲ, ಜ್ವರವೇ ಹೊಕ್ಕಿದೆ, ಎದೆಗೆ ಇಳಿಯದಿರಲೆಂದು ಹೊಗೆ ಹಾಕಿದ್ದೇವೆ ಅಂದ. ಅವನನ್ನು ಸರಿಸಿ ಒಳಗೆ ಹೋಗಿ ಹಣೆ ಮುಟ್ಟಿದೆ. ತಣ್ಣಗಿತ್ತು. ಮುಚ್ಚಿದ ರೆಪ್ಪೆಯ ಮೇಲೆ ಎರಡೂ ತೋರುಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒತ್ತಡ ತಿಳಿಯಲು ನಮಗಿದ್ದ ಉಪಾಯ ಅದೇ. ಕಣ್ಣುಗುಡ್ಡೆ ಅಡಿಕೆಯಷ್ಟು ಗಟ್ಟಿ. ದತ್ತೂರಿಯೂ ಕತ್ತಲೆಯೂ ಪಾಪೆಯನ್ನು ಅಗಲಿಸುತ್ತವೆ. ನೀರಿಗಿದ್ದ ಚೂರು ದಾರಿಯೂ ಆಗ ಮುಚ್ಚುತ್ತದೆ. ಎದೆ ಉಳಿಸಲು ಹೋಗಿ ಕಣ್ಣು ಕಳೆಯುತ್ತಿದ್ದರು.

"ಇದು ಜ್ವರ ಅಲ್ಲೋ ಬಸಪ್ಪ, ಕಣ್ಣಿನ ಬ್ಯಾನಿ. ಹೊಗಿ ಆರಿಸಿ ಕಿಟಕಿ ತೆಗಿ."

"ಗಾಳಿ ಹೊಕ್ಕರ ಮನಿಮಂದಿ ಸಾಯ್ತಾರರಿ."

ಹಾಸಿಗೆಯಿಂದಲೇ ನೀಲವ್ವ ಅಂದಳು: "ಬಸ್ಯಾ, ಸತ್ತರ ಬೆಳಕಿನ್ಯಾಗ ಸಾಯ್ತೇನಿ. ತೆಗಿ."

ಮೇಲಿಂದ ಮೇಲೆ ಹನಿ ಹಾಕಿದ ಮೇಲೆ ಕಣ್ಣು ತುಸು ಮೆತ್ತಗಾಯಿತು. ಅದು ಸಾಲದು. ಪಾಪೆಯ ಸುತ್ತಲಿನ ಪರದೆಯಲ್ಲಿ ಚೂರು ಕತ್ತರಿಸಿ ನೀರಿಗೆ ದಾರಿ ಮಾಡಬೇಕು. ಆ ಕೈಚಳಕ ದೊಡ್ಡ ಸಾಹೇಬರದು. ಗಾಡಿ ಕಟ್ಟಿಸಿ ಬೀದರಕ್ಕೆ ಕರೆತಂದೆ.

ಗೇಟಿನಲ್ಲಿ ಚಪರಾಸಿ ಅಡ್ಡ ನಿಂತ. ಜ್ವರ ಇದ್ದರೆ ಒಳಗೆ, ಇಲ್ಲವಾದರೆ ವಾಪಸ್. "ಜ್ವರ ಇಲ್ಲದಿದ್ರೂ ಗುನ್ಹೆ ಏನೋ ತಮ್ಮಾ?" ಎಂದು ನೀಲವ್ವ ಗಾಡಿಯಿಂದಿಳಿದಳು. ಗೇಟಿನ ಪಕ್ಕ ಸೆರಗು ಝಾಡಿಸಿ ಕೂತು, ಲಿಂಗವನ್ನು ಅಂಗೈಗೆ ತಗೊಂಡಳು. ಪೂಜೆಗೆ ಕೂತವಳನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಚಪರಾಸಿ ಒಳಗೆ ಓಡಿದ.

ಸಾಹೇಬರು ಬಂದವರೇ ನನ್ನನ್ನು ತರಾಟೆಗೆ ತಗೊಂಡರು. ಹುಕುಂ ಮುರಿದು ದಾರಿ ಬಿಟ್ಟು ಹೋದದ್ದಕ್ಕೆ ಮೇಲಕ್ಕೆ ಬರೆಯುತ್ತೇನೆಂದರು. "ಬರೀರಿ ಸಾಹೇಬ್ರ. ಮೊದಲ ಈ ಕಣ್ಣು ಮುಟ್ಟಿ ನೋಡ್ರಿ" ಅಂದೆ.

ನೀಲವ್ವ ಅಂಗೈ ಸರಿಸದೆ ಅಂದಳು: "ಲಿಂಗ ಮಂಜಮಂಜ ಕಾಣ್ತದರಿ, ಬೆರಳು ಒಂದೂ ಕಾಣೋದಿಲ್ಲ. ನಾಳಿ ಲಿಂಗನೂ ಹೋದರ ನಿಮ್ಮ ಹುಕುಂ ಹಿಡ್ಕೊಂಡು ಪೂಜಿ ಮಾಡ್ಲೇನ್ರಿ?"

ಸಾಹೇಬರು ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಟ್ಟಿದರು. ಎದ್ದವರು ನನ್ನ ಮುಖ ನೋಡದೆ, "ಸಾಮಾನಿನ ಕೋಣಿ ಖಾಲಿ ಮಾಡಸ್ರಿ" ಅಂದರು. ಜ್ವರದ ವಾರ್ಡಿಗೆ ದೂರವಾದ ಆ ಕೋಣೆಯಲ್ಲೇ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ದಿನ ನೀಲವ್ವ ಲಿಂಗವನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. "ಎರಡು ಬೆರಳು, ಅರ್ಧ ಹೆಬ್ಬಟ್ಟು. ಇಷ್ಟಂತೂ ಇನ್ನ ಯಾರಿಗೂ ಬಿಟ್ಟುಕೊಡೋದಿಲ್ಲ ನೋಡ್ರಿ" ಅಂದಳು.

ಸಾಹೇಬರು ಮಾತಿನಂತೆ ಬರೆದರು. ಜವಾಬು ಕೇಳಿ ಕಾಗದ ಬಂತು. ಭಾತಂಬ್ರಾಕ್ಕೆ ಹೋದದ್ದು ನಿಜ, ಇನ್ನೊಮ್ಮೆಯೂ ಹೋಗುವವನೇ ಎಂದು ಉತ್ತರಿಸಿದೆ. ಮುಂದೆ ಪ್ಲೇಗಿನಲ್ಲೂ ಕಾಲರಾದಲ್ಲೂ ಗೇಟಿನ ಕೆಲಸ ನನ್ನ ಪಾಲಿಗೆ ಬಂದಾಗ, ಸಾಲಿನಲ್ಲಿದ್ದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ: "ಈ ಬ್ಯಾನಿ ಇಲ್ಲದವರು ಯಾರು ಬಂದೀರಿ? ಮುಂದ ಬರ್ರಿ."