ನನ್ನ ಬೈಗುಳಕ್ಕೆ ಲ್ಯಾಪ್‌ಟಾಪ್‌ನಲ್ಲಿ ಜಾಗ

ಕೇಳಿರಿ ಗೆಳತಿಯರೆ, ಇಂದು ಮಧ್ಯಾಹ್ನ ಹೊಸ ಲ್ಯಾಪ್‌ಟಾಪ್ ತರಿಸುವ ವಿಷಯಕ್ಕೆ ನಮ್ಮ ಮನೆಯಲ್ಲಿ ಅಪ್ಪ-ಮಗಳ ಜಟಾಪಟಿ ನಡೆಯಿತು. ಮೊಮ್ಮಗಳು ಸುಪ್ರಿಯಾ ಚಿಕ್ಕೋಡಿಯ ಕಾಲೇಜಿಗೆ ಹೋಗುತ್ತಾಳೆ, ಬಿಡುವಿನಲ್ಲಿ ಕಾರ್ಟೂನ್ ವಿಡಿಯೊ ಮಾಡುತ್ತಾಳೆ. ಅದರಲ್ಲಿ ಎಮ್ಮೆ ಕುಣಿಯುತ್ತದೆ, ಹಿಂದಿನಿಂದ, ಅವಳು ಫೋನಿನಲ್ಲಿ ಹಿಡಿದಿಟ್ಟ, ನಾನು ನಮ್ಮ ಎಮ್ಮೆಯನ್ನು ಬೈಯುವ ದನಿ ಕೇಳುತ್ತದೆ.

ನನ್ನ ಮಗ ಖಡಾಖಂಡಿತವಾಗಿ ಹೇಳಿದ: "ಚಲೋ ಗ್ರಾಫಿಕ್ಸ್ ಬೇಕಂದ್ರ ಸ್ಟೋರೇಜ್ ಸಣ್ಣದ ತಗೋ. ದೊಡ್ಡ ಸ್ಟೋರೇಜ್ ಬೇಕಂದ್ರ ಗ್ರಾಫಿಕ್ಸ್ ಸಾದಾ. ಎರಡೂ ಕೂಡಿ ತಗೊಳ್ಳಾಕ ರೊಕ್ಕ ಸಾಲೂದಿಲ್ಲ."

ಹುಡುಗಿಯ ಮುಖ ಇಳಿಯಿತು. "ಹಂಗಂದ್ರ ಏನ ಹುಡಗಿ?" ಎಂದು ಕೇಳಿದೆ.

"ಗ್ರಾಫಿಕ್ಸ್ ಚಲೋ ಇದ್ರ ಎಮ್ಮಿ ತಡವರಿಸದ ಕುಣಿತೈತಿ, ಆಯಿ. ಸ್ಟೋರೇಜ್ ದೊಡ್ಡದಿದ್ರ ನಿನ್ನ ಬೈಗಳ ಒಂದೂ ಅಳಸೂದು ಬ್ಯಾಡ."

"ಎಮ್ಮಿ ಚಂದಂಗ ಕುಣೀಲಿ ತಗೋ. ಬೈಗಳಾ ಯಾಕ ಕೂಡಿಡ್ತಿ? ದಿನಾ ಮುಂಜಾನಿ ಬಿಸಿ ಬಿಸಿ ಸಿಗತಾವ."

"ನೀ ಇರೂತನಾ ಸಿಗತಾವ ಬೇ. ಆಮ್ಯಾಲ?" ಎಂದವಳೇ ದೊಡ್ಡ ಸ್ಟೋರೇಜ್ ಒತ್ತಿ ಆರ್ಡರ್ ಮಾಡಿಬಿಟ್ಟಳು.

ಮಗ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದ. ನನಗೂ ಅಳು ಬಂತು. ಅದು ಕಾಣಬಾರದೆಂದು ಜೋರು ಮಾಡಿದೆ: "ನನ್ನ ಕಳಸೂ ತಯಾರಿ ಈಗಿಂದನ ನಡಸೀಯೇನ, ಮಂಗ್ಯಾನಂಥಾಕಿ?"

ಅವಳು ಕಣ್ಣೊರೆಸಿಕೊಳ್ಳುತ್ತಲೇ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. "ಇನ್ನೊಮ್ಮಿ ಬೈ ಆಯಿ, ಜಾಗಾ ಭಾಳ ಐತಿ."

ಅಷ್ಟು ಜಾಗ ಸುಮ್ಮನೆ ಹಾಳಾಗಬಾರದೆಂದು ಅವಳಪ್ಪನನ್ನೂ ಸೇರಿಸಿಯೇ ಬೈದೆ.