ಹನ್ನೊಂದು ಬಂಗಡೆಯ ಆರೋಗ್ಯ

ನಮ್ಮ ಮನೆಯಲ್ಲಿ ಒಬ್ಬರ ಆರೋಗ್ಯ ತಿಳಿಯಲು ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್ ಯಾವುದೂ ಬೇಕಾಗಿರಲಿಲ್ಲ. ಅತ್ತಿಗೆ ಊಟದ ತಟ್ಟೆ ನೋಡುತ್ತಿದ್ದಳು, ಅಷ್ಟೇ. ಎರಡನೇ ಸಲ ಅನ್ನ ಹಾಕಿಸಿಕೊಂಡವನು ಗಟ್ಟಿಮುಟ್ಟು. ಮೀನಿನ ತಲೆ ಚೀಪದೆ ಎದ್ದವನಿಗೆ ಏನೋ ಕಾಯಿಲೆ. ಹೊನ್ನಾವರದ ಈ ಮನೆ ಮೂರು ತಲೆಮಾರು ಇದೇ ಮೆಡಿಕಲ್ ಸೈನ್ಸ್ ನಂಬಿ ಬದುಕಿದೆ. ಹಾಗಾಗಿ ಅವಳ ಮಗ, ಅಂದರೆ ನನ್ನ ಅಣ್ಣನ ಮಗ, ಮೂವತ್ತೆರಡರ ಗಂಡಸು, ಒಂದು ಮಧ್ಯಾಹ್ನ ಹನ್ನೊಂದು ಬಂಗಡೆ ತಿಂದು "ಇನ್ನೂ ಇದ್ಯಾ ಅಮ್ಮಾ?" ಎಂದು ಕೇಳಿದಾಗ ಮನೆಗೆ ಹಬ್ಬ ಬಂದಂತಾಯಿತು.

"ಕಂಡ್ರಾ ಅಕ್ಕೋರೇ? ನನ್ ಮಗಂಗೆ ಈಗ ಉಂಬೂಕೆ ಮನಸ್ಸು ಬಂತು!" ಎಂದಳು ಅತ್ತಿಗೆ. ನಾನು ಟೀಚರ್ ಆದ ದಿನದಿಂದ ಅವಳು ನನ್ನನ್ನು ಕರೆಯುವುದು ಹಾಗೆಯೇ, ಅರ್ಧ ಗೌರವ, ಅರ್ಧ ಚುಚ್ಚು.

ನಾನಾದರೂ ಎಚ್ಚರವಾಗಿರಬೇಕಿತ್ತು. ಕಡಲಂಚಿನ ನಮ್ಮ ಕೇರಿಯಿಂದ ಕಾನ್ವೆಂಟಿಗೆ ಹೋದ ಮೊದಲ ಹುಡುಗಿ ನಾನು. ಅಲ್ಲಿಯ ಸಿಸ್ಟರ್‌ಗಳು ಉಗುರು ನೋಡಿ ಕ್ಯಾರೆಕ್ಟರ್ ಹೇಳುತ್ತಿದ್ದರು. ಆ ವಿದ್ಯೆ ಹೊತ್ತು ಕುಮಟೆಯ ಹೈಸ್ಕೂಲೊಂದರಲ್ಲಿ ನಿವೃತ್ತಿಯವರೆಗೂ ಇಂಗ್ಲಿಷ್ ಕಲಿಸಿದೆ. ಕೊನೆಯ ಬೆಂಚಿನ ಬೀಡಿಯ ವಾಸನೆ ನನಗೆ ಬೋರ್ಡಿನ ಹತ್ತಿರವೇ ಬಡಿಯುತ್ತಿತ್ತು. ಇಂಥ ಪ್ರಸಿದ್ಧ ಮೂಗಿಗೆ ಸ್ವಂತ ಮನೆಯ ಹಿಂದಿನ ಬಲೆ ಶೆಡ್ಡಿನಿಂದ ಬರುತ್ತಿದ್ದ ಸುಟ್ಟ ಸೊಪ್ಪಿನ ವಾಸನೆ ವರ್ಷಗಟ್ಟಲೆ ಸಿಗದೆ ಒಣಮೀನಿನ ವಾಸನೆಯ ಹಿಂದೆ ಅಡಗಿ ಕುಳಿತಿತ್ತು ಎಂದರೆ, ಸಿಸ್ಟರ್‌ಗಳು ಸ್ವರ್ಗದಲ್ಲೇ ಮುಖ ಮುಚ್ಚಿಕೊಂಡಿರಬೇಕು.

ಅವನ ಕಣ್ಣು ಕೆಂಪಾಗಿರುತ್ತಿತ್ತು. ಅತ್ತಿಗೆ ಉಪ್ಪು-ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ನಾನು ವಿದ್ಯಾವಂತೆ, "ಟೂ ಮಚ್ ಮೊಬೈಲ್" ಎಂದು ಐ ಡ್ರಾಪ್ಸ್ ತಂದೆ. ಅವನು ಹೇಳಿದ್ದನ್ನೇ ಮರೆಯುತ್ತಿದ್ದ. ನಾನು ವಿಟಮಿನ್ ಗುಳಿಗೆ ಕೊಟ್ಟೆ. ಸುಮ್ಮಸುಮ್ಮನೆ ನಗುತ್ತಿದ್ದ; ಅದಕ್ಕೆ ಮದ್ದೇಕೆ, ನಗುವ ಗಂಡಸರು ನಮ್ಮ ವಂಶದಲ್ಲೇ ಅಪರೂಪ. ಒಬ್ಬಳು ಕನ್ನಡದಲ್ಲಿ ತಪ್ಪು ಮಾಡಿದಳು, ಇನ್ನೊಬ್ಬಳು ಇಂಗ್ಲಿಷಿನಲ್ಲಿ. ವ್ಯತ್ಯಾಸ ಅಷ್ಟೇ.

ಅದೇ ಬೇಸಿಗೆಯಲ್ಲಿ ಭಟ್ಕಳದಿಂದ ಹೆಣ್ಣಿನ ಕಡೆಯವರು ಅವನನ್ನು ನೋಡಲು ಬಂದರು. ಅವನು ಮೂರು ಸಲ ಅನ್ನ ಹಾಕಿಸಿಕೊಂಡು, ಗೋಡೆಯ ಕ್ಯಾಲೆಂಡರ್ ನೋಡಿ ನಕ್ಕ. ಹುಡುಗಿಯ ಅಪ್ಪ, "ಹುಡ್ಗ ಹಸನ್ಮುಖಿ. ಊಟನೂ ಚೊಲೋ ಮಾಡ್ತ. ನಮಗೆ ಇನ್ನೆಂತ ಬೇಕು?" ಎಂದರು. ಜಾತಕ ಸಹ ಕೂಡಿತು.

ಅಣ್ಣ ತೀರಿಕೊಂಡ ಮೇಲೆ ಅವನ ಬೋಟಿಗೆ ಮಗನೇ ತಾಂಡೇಲ. ಚುಕ್ಕಾಣಿ ಹಿಡಿದು ಬೋಟು ನಡೆಸುವವನು ಅವನು, ಬಲೆ ಎಳೆಯುವವರ ಜೀವ ಅವನ ಕೈಯಲ್ಲಿ. ನಮ್ಮ ಶರಾವತಿಯ ಅಳಿವೆ ಬೇರೆ ಸುಲಭದ್ದಲ್ಲ. ನದಿ ಕಡಲಿಗೆ ಸೇರುವ ಆ ಬಾಯಲ್ಲಿ ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ. ಚಿಕ್ಕವನಿದ್ದಾಗ ಇವನು ನನ್ನ ಸೆರಗು ಹಿಡಿದು ದಂಡೆಯಲ್ಲಿ ನಿಂತು, "ಅತ್ತೆ, ಅಲ್ಲಿ ಹಸಿರು ನೀರು ಕಾಣು, ಅಲ್ಲಿ ಆಳ. ಇಲ್ಲಿ ಕಂದು, ಇಲ್ಲಿ ಮರಳು" ಎಂದು ನನಗೇ ಪಾಠ ಹೇಳುತ್ತಿದ್ದ. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡುವವರನ್ನು ನಾನು ಕಂಡಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಬೋಟಿನಲ್ಲಿ ಬಲೆ ಎಳೆಯುವ ಹಿರಿಯ ಖಲಾಸಿ ಅಂಗಳಕ್ಕೆ ಬಂದು ನಿಂತ. ಅಣ್ಣನ ಜೊತೆಯಲ್ಲೇ ಕಡಲಿಗೆ ಇಳಿದ ಮುದುಕ. ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿದ.

"ಅಕ್ಕೋರೇ, ನಿನ್ನೆ ಅಳಿವೇಲಿ ಬೋಟು ಮರಳಿಗೆ ತಾಗ್ತು. ಏಳು ಜನ ಉಳ್ಕಂಡದ್ದೇ ದೊಡ್ಡದು. ತೆರೆ ಬತ್ತಾ ಇದ್ರೆ ಇಂವ ಅದ್ನ ಕಾಣ್ತಾ ನಿಂತಿದ್ದ, ಟಿವಿ ಕಂಡ ಹಾಂಗೆ."

"ನಿದ್ದೆಗೆಟ್ಟಿದ್ದನೋ ಏನೋ" ಎಂದೆ.

"ನಿದ್ದೆ ಅಲ್ಲ, ಗಾಂಜಾ. ದಿನಾ ಬೇಕು ಅವಂಗೆ. ನಮಗೆಲ್ಲ ಗೊತ್ತಿತ್ತು."

"ಗೊತ್ತಿದ್ದೂ ಬಾಯಿಬಿಡಲಿಲ್ಲವೇ?"

"ತಾಂಡೇಲನ ಮೇಲೆ ದೂರು ಹೇಳೂಕೆ ಆತದಾ? ಈಗ ಹೇಳ್ದೆ. ಮಳೆಗಾಲ ಮುಗ್ದು ಬೋಟು ಇಳಿವಾಗ ಇಂವ ಹೀಂಗೇ ಇದ್ರೆ ನಾವ್ಯಾರೂ ಹತ್ತುದಿಲ್ಲ. ಆತಾ?"

ಕೇಳಿದರೆ ಅಣ್ಣನ ಮಗ ಮುಚ್ಚಿಡಲಿಲ್ಲ, ಆ ಮಟ್ಟಿಗೆ ಸಜ್ಜನ. "ಅತ್ತೆ, ಅದು ಸರಾಯಿಗಿಂತ ಸಾವಿರ ಪಾಲು ವಾಸಿ. ನ್ಯಾಚುರಲ್. ಬೇಕಾದ್ರೆ ನಾಳೆಯೇ ಬಿಡ್ತೆ" ಎಂದ. ಕಾಸರಕದ ವಿಷಬೀಜವೂ ನ್ಯಾಚುರಲ್ಲೇ ಕಣಪ್ಪಾ ಎಂದೆ. ಆ ನಾಳೆ ಮೂರು ವಾರ ಬರಲಿಲ್ಲ. ನಾಲ್ಕನೇ ವಾರ, ಮೀನುಗಾರಿಕೆ ನಿಂತು ಬೋಟು ದಡ ಸೇರಿದ ಮೇಲೆ, ಅವನನ್ನೂ ಅತ್ತಿಗೆಯನ್ನೂ ಬಸ್ ಹತ್ತಿಸಿ ಕುಮಟೆಯ ಮನೋವೈದ್ಯೆಯ ಬಳಿಗೆ ಕರೆದೊಯ್ದೆ.

ನನ್ನ ಮಗಳ ವಯಸ್ಸಿನ ಡಾಕ್ಟರಮ್ಮ. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಟೀಚರಾದ ನನಗೆ ಅದು ಬಹಳ ನಿರಾಸೆ ತಂದಿತು. ದಿನಕ್ಕೆ ಎಷ್ಟು ಸಲ, ಬೆಳಿಗ್ಗೆ ಎದ್ದೊಡನೆ ಬೇಕೇ, ಬಿಡಲು ನೋಡಿದಾಗ ಏನಾಗುತ್ತದೆ, ಅದಕ್ಕಾಗಿ ಏನನ್ನೆಲ್ಲ ಬಿಟ್ಟಿರಿ ಎಂದಷ್ಟೇ ಕೇಳಿದರು. ಕೊನೆಯ ಪ್ರಶ್ನೆಗೆ ಅವನು, "ನೀರು ನೋಡುದು" ಎಂದ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗಾಯಿತು. ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ.

ನುಂಗಿದರೆ ಚಟ ಬಿಡಿಸುವ ಮಾತ್ರೆ ಇಲ್ಲವಂತೆ. ವಾರಕ್ಕೊಮ್ಮೆ ಬಂದು ಮಾತಾಡಬೇಕು, ಆಸೆ ಯಾವಾಗ ಬರುತ್ತದೆ ಎಂದು ತಾನೇ ಗುರುತಿಸಬೇಕು, ಆ ಹೊತ್ತಿಗೆ ಬೇರೆ ಕೆಲಸ ಹಿಡಿಯಬೇಕು. ಮೊದಲ ಕೆಲವು ವಾರ ನಿದ್ದೆ ಬಾರದು, ಕೆಟ್ಟ ಕನಸು, ಸಿಡಿಮಿಡಿ. "ಗಾಂಜಾ ಹಸಿವು ಹೆಚ್ಚಿಸಿರುತ್ತದೆ, ಬಿಟ್ಟಾಗ ಅದೂ ಕಡಿಮೆಯಾಗಬಹುದು, ಹೆದರಬೇಡಿ" ಎಂದರು. ಅತ್ತಿಗೆ ಉಳಿದದ್ದೆಲ್ಲ ಕೇಳಿಸಿಕೊಂಡಳು. ಈ ಕೊನೆಯ ಮಾತು ಅವಳ ಕಿವಿಯೊಳಗೆ ಇಳಿಯಲೇ ಇಲ್ಲ.

ಐದನೇ ದಿನ ಅವನು ತಟ್ಟೆ ಸರಿಸಿ ಎದ್ದ. ಏಳನೇ ದಿನ ಬಂಗಡೆ ಮುಟ್ಟಲಿಲ್ಲ. "ಮದ್ದು ಅಂತ ಹೇಳಿ ನನ್ ಮಗನ್ನ ಒಣಗಿಸ್ತಾ ಇದ್ರಿ ನೀವು ಇಂಗ್ಲಿಷಿನವ್ರು!" ಎಂದು ಅತ್ತಿಗೆ ಅಡುಗೆಮನೆಯಿಂದ ಕೂಗಿದಳು. ಒಂಬತ್ತನೇ ದಿನ ಮಧ್ಯಾಹ್ನ ನೋಡಿದರೆ ಅವನು ಗಬಗಬ ಉಣ್ಣುತ್ತಿದ್ದಾನೆ, ಅತ್ತಿಗೆ ಎದುರು ಕುಳಿತು ಬೀಸಣಿಗೆ ಬೀಸುತ್ತಿದ್ದಾಳೆ. ಕಣ್ಣು ನೋಡಿದೆ, ಕೆಂಪು.

"ಎಲ್ಲಿಂದ ಬಂತು?" ಎಂದೆ.

ಅತ್ತಿಗೆ ಬೀಸಣಿಗೆ ನಿಲ್ಲಿಸಿದಳು. "ನಾನೇ ಕೊಟ್ಟೆ. ಶೆಡ್ಡಲ್ಲಿ ಸಿಕ್ಕಿದ್ದ ಪೊಟ್ಟಣ ತೆಗ್ದಿಟ್ಟಿದ್ದೆ. ಒಂಚೂರು ಎಳ್ದು ಎರಡು ತುತ್ತು ಉಣ್ಲಿ ಹೇಳಿ. ಕಾಣಿ, ಈಗ ಹ್ಯಾಂಗೆ ಉಣ್ತ!"

ಲೋಕದ ಬೇರೆ ತಾಯಂದಿರು ಮಗನ ಕೈಯಿಂದ ಅದನ್ನು ಕಿತ್ತು ಒಲೆಗೆ ಹಾಕುತ್ತಾರಂತೆ. ನಮ್ಮ ಮನೆಯಲ್ಲಿ ಅದು ಊಟಕ್ಕೆ ಮುಂಚಿನ ಟಾನಿಕ್.

ಮುಂದಿನ ಭೇಟಿಯಲ್ಲಿ ಅವನೇ ಎಲ್ಲ ಹೇಳಿದ. ಡಾಕ್ಟರಮ್ಮ ಆಗಲೂ ಬೈಯಲಿಲ್ಲ. ಜಾರುವುದು ಚಿಕಿತ್ಸೆಯೊಳಗಿನದೇ, ಮತ್ತೆ ಶುರು ಮಾಡೋಣ ಎಂದರು. ಆಮೇಲೆ ಚೀಟಿ ತೆಗೆದು ಅತ್ತಿಗೆಯ ಹೆಸರಿಗೆ ಔಷಧಿ ಬರೆದರು: ಎರಡು ತಿಂಗಳು ಮಗನ ತಟ್ಟೆ ನೋಡಬಾರದು. ಬಡಿಸುವ ಕೆಲಸ ನನಗೆ.

ಅಂದಿನಿಂದ ಅವನು ಉಣ್ಣುವಾಗ ಅತ್ತಿಗೆ ಗೋಡೆಗೆ ಮುಖ ಮಾಡಿ ಕುಳಿತಳು. "ಎಷ್ಟು ಹಾಕಿಸ್ಕಂಡ?" ಎಂದು ಪಿಸುಗುಟ್ಟಿದರೆ, "ಔಟ್ ಆಫ್ ಸಿಲಬಸ್" ಎನ್ನುತ್ತಿದ್ದೆ. ಅವಳೇ ಹೆಚ್ಚು ಸೊರಗಿದಳು. ಭಟ್ಕಳದವರಿಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ಮೊದಲೇ ಕೂಡಿದ್ದ ಜಾತಕ ಒಂದೇ ವಾರದಲ್ಲಿ ಕೂಡದೆ ಹೋಯಿತು. ಗ್ರಹಗಳಿಗೂ ಫೋನ್ ಕನೆಕ್ಷನ್ ಇರಬೇಕು.

ಜುಲೈ ಕೊನೆಗೆ ಅವನು ತಾನಾಗಿ ಹಿರಿಯ ಖಲಾಸಿಯ ಮನೆಗೆ ಹೋದ. ಬೆಂಬಲಕ್ಕೆಂದು ನಾನೂ ಹೋದೆ. "ಆರು ವಾರ ಆತು, ಮುಟ್ಲಿಲ್ಲ" ಎಂದ.

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿದ. "ಆರು ವಾರಕ್ಕೆ ಚುಕ್ಕಾಣಿ ಸಿಕ್ಕುದಿಲ್ಲ ಮಾರಾಯಾ. ನಾನು ಹಿಡೀತೆ. ನೀ ಬಲೆ ಎಳಿ. ಆಮೇಲೆ ಕಾಂಬ."

ತನ್ನದೇ ಬೋಟಿನಲ್ಲಿ ಬಲೆ ಎಳೆಯುವುದು! ಅತ್ತಿಗೆ ಕೇರಿಗೆ ಮುಖ ತೋರಿಸಲಾರೆ ಎಂದು ಅತ್ತಳು. ಅವನು "ಆತು" ಎಂದ, ಅಷ್ಟೇ.

ಆಗಸ್ಟಿನಲ್ಲಿ ಬೋಟು ಇಳಿದು, ಮೊದಲ ಸಲ ಕಡಲಿಗೆ ಹೋಗಿ ಬಂದ ದಿನ ಅವನ ಕೈಯೆಲ್ಲ ಬೊಕ್ಕೆ. ಎರಡು ಬಂಗಡೆಗೇ ಸಾಕೆಂದ. ಗೋಡೆಗೆ ಮುಖ ಮಾಡಿದ್ದ ಅತ್ತಿಗೆ ತಿರುಗಲಿಲ್ಲ. ಕೈ ತೊಳೆಯುವ ಮೊದಲು ಅವನು ಹೇಳಿದ:

"ಅತ್ತೆ, ದಿಬ್ಬ ಈ ವರ್ಷ ತೆಂಕಿಗೆ ಸರ್ದದೆ. ಹಸಿರು ನೀರು ಈಗ ಬಡಗಿಗೆ. ಚುಕ್ಕಾಣಿ ಹಿಡ್ದ ಅಜ್ಜ ಆಗ್ಲೇ ಬೋಟು ತಿರುಗ್ಸೂಕೆ ಹೊರಟಿದ್ರು. ಇನ್ನೊಂದು ತೆರೆ ಹೋಗ್ಲಿ ಅಂದೆ."

"ಅವರು ಕೇಳಿದರಾ?"

"ಕೇಳಿದ್ರು" ಎಂದು ಅವನು ಅನ್ನದ ಮೇಲೆ ಬೆರಳಿನಿಂದ ಅಳಿವೆ ಬರೆದು ತೋರಿಸತೊಡಗಿದ. ನಾನು ಹತ್ತಿರ ಜರುಗಿ ಕುಳಿತೆ, ನನ್ನ ಆ ಹಳೆಯ ಮೇಷ್ಟರ ಮುಂದೆ.